ಮೊದಲಿನ ಎತ್ತರ

ಕರೆಂಟು ಹೋಗಿ ಎರಡು ಗಂಟೆ.
ಲ್ಯಾಪ್‌ಟಾಪಿನಲ್ಲಿ ಇನ್ನು ನಲವತ್ತು ನಿಮಿಷದ ಜೀವ,
ಅದರೊಳಗೆ ಒಂದು ಬ್ಯಾಕ್ಟೀರಿಯಾ.
ಬ್ಯಾಕ್ಟೀರಿಯಾ ಅಂದರೆ ಇಲ್ಲಿ ಐದು ಸಮೀಕರಣ,
ಹನ್ನೊಂದು ಸ್ಥಿರಾಂಕ. ಅದರಲ್ಲಿ ಮೂರು
ನನ್ನ ಊಹೆ. ಗೈಡಿಗೆ ಹೇಳಿಲ್ಲ.

ಎದುರಿಗೆ ಮುತ್ತಕ್ಕ ಕಣಿಲೆ ಹೆಚ್ಚುತ್ತಾಳೆ.
ಕಾಲೇಜಿನ ಕ್ಯಾಂಟೀನಿಗೆ, ನಾಡಿದ್ದಿಗೆ;
ವಿಷ ಬಿಡಲು ದಿನಾ ನೀರು ಬದಲಿಸಬೇಕು.
ನಲವತ್ತೇಳನೇ ನಂಬರಿನ ಮನೆ ಇದು,
ನಲವತ್ತಾರರಂತೆಯೇ, ನಲವತ್ತೆಂಟರಂತೆಯೇ,
ಅದೇ ಕಿಟಕಿ, ಅದೇ ಹಸಿರು ಕಬ್ಬಿಣದ ಬಾಗಿಲು.
ಮಡಿಕೇರಿಯಾಚೆ ಗುಡ್ಡ ಜಾರಿದ ಮೇಲೆ
ಸರ್ಕಾರ ಸಾಲಾಗಿ ಕಟ್ಟಿಕೊಟ್ಟದ್ದು.
ಮುಂದಿನ ಕೋಣೆ ನನಗೆ ಬಾಡಿಗೆ.

‘ಎಂಥ ಹುಳ ಅದು?’
ಹುಳವಲ್ಲ ಅಕ್ಕ, ಒಂದೇ ಒಂದು ಕೋಶ.
ಕಣ್ಣಿಲ್ಲ. ಸಿಹಿ ಯಾವ ಕಡೆ ಅಂತ ತಿಳಿಯದು.
ಅದಕ್ಕೆ ಗೊತ್ತಿರುವುದು ಎರಡೇ:
ಈಗ, ಮತ್ತು ಮೂರು ನಾಲ್ಕು ಸೆಕೆಂಡಿನ ಹಿಂದೆ.
ಆಗಿಗಿಂತ ಈಗ ಸಿಹಿ ಹೆಚ್ಚೋ, ನೆಟ್ಟಗೆ ಈಜುತ್ತದೆ.
ಇಲ್ಲವೋ, ಒಂದು ಲಾಗ ಹಾಕಿ
ಎತ್ತಲೋ ಮುಖ ತಿರುಗಿಸುತ್ತದೆ.
ಜುಲೈ ಮಂಜಿನಲ್ಲಿ ನಾನು ಬಸ್‌ಸ್ಟ್ಯಾಂಡು ಹುಡುಕಿದ್ದೂ ಹಾಗೇ,
ಡೀಸೆಲ್ ವಾಸನೆ ಏರುತ್ತಿದೆಯಾದರೆ ಸರಿದಾರಿ.

ಅವಳು ನಕ್ಕಳು. ಚೂರಿ ನಿಲ್ಲಲಿಲ್ಲ.

ನೋಡಿ, ಈಗ ಸಕ್ಕರೆ ಸುರಿಯುತ್ತೇನೆ, ನೂರನೇ ಸೆಕೆಂಡಿಗೆ.
ಗೆರೆ ದಡಕ್ಕನೆ ಕುಸಿಯಿತು.
(ಕುಸಿಯಿತು. ಈ ಸಾಲುಮನೆಗಳಲ್ಲಿ
ಆ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ.
ನಾಲಿಗೆ ಕಚ್ಚಿಕೊಂಡೆ.)
ಸಿಹಿ ಬಂದರೂ ಕುಸಿಯುವುದೇ ಅದರ ರೀತಿ.
ಆಮೇಲೆ ನಿಧಾನಕ್ಕೆ ಏರಿ, ಏರಿ,
ಮೊದಲಿದ್ದ ಎತ್ತರಕ್ಕೇ ಬಂದು ನಿಂತಿತು,
ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.
ಹತ್ತು ಪಟ್ಟು ಸುರಿದರೂ ಅಷ್ಟೇ.
ನಮ್ಮಲ್ಲಿ ಇದಕ್ಕೆ ಪರಿಪೂರ್ಣ ಹೊಂದಾಣಿಕೆ ಅನ್ನುತ್ತಾರೆ.

ಮುತ್ತಕ್ಕ ಗೆರೆಯನ್ನೇ ನೋಡಿದಳು.
‘ಅಷ್ಟು ಬೇಗ ಮರೀತದಾ?’

ಹೊರಗೆ ಮಳೆ ದಪ್ಪಗಾಯಿತು, ಶೀಟಿನ ಮೇಲೆ
ಯಾರೋ ಜಲ್ಲಿ ಸುರಿದ ಹಾಗೆ.
ನಾನು ಬೆಚ್ಚಿದೆ. ಅವಳು ಬೆಚ್ಚಲಿಲ್ಲ.
ಆ ಆಗಸ್ಟಿನಲ್ಲಿ ಅವಳ ಮನೆ, ಬಾವಿ,
ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ತಂಗಿ ರಾಜೀವಿ,
ಮೂರೂ ಒಂದೇ ಸಲಕ್ಕೆ.
‘ಮೊದಮೊದಲು ಹನಿ ಬಿದ್ದರೆ ಎದ್ದು ಓಡ್ತಿದ್ದೆ.
ಈಗ ನಿದ್ದೆ ಬರ್ತದೆ.
ಒಳ್ಳೇದಾ ಅದು?’

ಉತ್ತರ ನನ್ನ ಹನ್ನೊಂದು ಸ್ಥಿರಾಂಕಗಳಲ್ಲಿ ಇರಲಿಲ್ಲ.
ಕೈ ಸುಮ್ಮನಿರಲಾರದೆ ಇನ್ನೊಂದು ಕಿಟಕಿ ತೆರೆದೆ.
ಅದೇ ಕೋಶ, ಅದೇ ಗಳಿಗೆ; ಬೇರೆ ಚರ.
ಗ್ರಾಹಕಗಳ ಮೇಲೆ ಕೋಶ ತಾನೇ ಇಟ್ಟುಕೊಳ್ಳುವ ಗುರುತು,
ಮೀಥೈಲ್ ಅನ್ನುತ್ತೇವೆ.
ಹಾಲಿನವಳು ಗೋಡೆಗೆ ಸುಣ್ಣದ ಬೊಟ್ಟು ಇಡುತ್ತಾಳಲ್ಲ,
ಲೆಕ್ಕ ತಪ್ಪದಿರಲಿ ಅಂತ, ಆ ಥರ.
ಈ ಗೆರೆ ಏರಿತು.
ಏರಿದ್ದು ಇಳಿಯಲಿಲ್ಲ.

ಮೇಲಿನದು ಸಪಾಟು, ನಿಜ.
ಸಪಾಟಾಗಿಡಲು ಒಳಗೆ ಬೊಟ್ಟಿನ ಮೇಲೆ ಬೊಟ್ಟು.
ನೀರಿನಲ್ಲಿ ಆ ಸಿಹಿ ಇರುವವರೆಗೂ
ಒಂದನ್ನೂ ಅಳಿಸುವುದಿಲ್ಲ.
ಮೂರು ವರ್ಷದಿಂದ ಮೇಲಿನ ಗೆರೆಯನ್ನೇ ನೋಡಿಕೊಂಡು
ಇದು ಮರೆಯುತ್ತದೆ, ಮರೆಯುತ್ತದೆ ಎಂದು
ಸೆಮಿನಾರುಗಳಲ್ಲಿ ಹೇಳಿಕೊಂಡು ಬಂದೆನಲ್ಲ.

‘ಇದು ಇಳೀಲೇ ಇಲ್ಲ’ ಅಂದಳು ಮುತ್ತಕ್ಕ,
ಕಣಿಲೆಯ ನೀರು ಚೆಲ್ಲಲು ಎದ್ದವಳು, ತಡೆದು.

ಪರದೆ ಆರಿತು. ಕತ್ತಲಿಗೆ ಕಣ್ಣು ಕೂಡಿಕೊಂಡಾಗ
ದಿನಾ ಕಂಡದ್ದನ್ನೇ ಕಂಡೆ:
ಬಾಗಿಲ ಮೊಳೆಗೆ ತೂಗಿದ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲ,
ಚಿಲಕ ಹಾಕದೆ ಬರೀ ಒರಗಿಸಿದ ಬಾಗಿಲು,
ಅವಳ ಚಪ್ಪಲಿ, ಎರಡರ ಮೂತಿಯೂ ಹೊರಗೆ,
ಕಾಲಿಟ್ಟರೆ ನೇರ ರಸ್ತೆ.

ಮಲಗುವ ಮುಂಚೆ
ನನ್ನದನ್ನೂ ತಿರುಗಿಸಿಟ್ಟೆ.